ಆ ದೋಣಿ ಯಾರದು? ಕಡಲ ಕಾವಲಿನ ಹೊಸ ತಂತ್ರಜ್ಞಾನ, ತುಮಕೂರಿನಿಂದ ನೋಡಿದಂತೆ

ಮಲ್ಪೆಯಿಂದ ಹೊರಟ ಮೀನುಗಾರಿಕೆ ಬೋಟಿಗೆ ನಡುಗಡಲಿನಲ್ಲಿ ನೀರು ನುಗ್ಗುತ್ತಿದೆ ಎಂದುಕೊಳ್ಳಿ. ಮೊಬೈಲಿಗೆ ಸಿಗ್ನಲ್ ಇಲ್ಲ. ವಯರ್‌ಲೆಸ್‌ನಲ್ಲಿ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಇನ್ನೊಂದು ಬೋಟಿಲ್ಲ. ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಕ್ಯಾಬಿನ್ನಿನಲ್ಲಿರುವ ಪುಟ್ಟ ಪೆಟ್ಟಿಗೆಯ ತುರ್ತು ಗುಂಡಿ ಒತ್ತುತ್ತಾನೆ. ಆ ಕರೆ ಮೊದಲು ಮುಟ್ಟುವುದು ಮಲ್ಪೆಯನ್ನಲ್ಲ, ಮಂಗಳೂರನ್ನೂ ಅಲ್ಲ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಏರಿ, ಅಲ್ಲಿಂದ ಬೆಂಗಳೂರಿಗೆ ಇಳಿಯುತ್ತದೆ. ಪೀಣ್ಯದಲ್ಲಿರುವ ಇಸ್ರೊ ಸಂಸ್ಥೆ ಇಸ್ಟ್ರ್ಯಾಕ್‌ನ ನಿಯಂತ್ರಣ ಕೇಂದ್ರ ಆ ಸಂಕೇತವನ್ನು ಬಿಡಿಸಿ, ಯಾವ ಬೋಟು, ಎಲ್ಲಿದೆ ಎಂದು ತಿಳಿದುಕೊಂಡು, ಕೋಸ್ಟ್ ಗಾರ್ಡ್‌ನ ರಕ್ಷಣಾ ಸಮನ್ವಯ ಕೇಂದ್ರಕ್ಕೆ ದಾಟಿಸುತ್ತದೆ. ತುಮಕೂರಿನಿಂದ ಬೆಳಗಿನ ಬಸ್ಸು ಹತ್ತಿ ಪೀಣ್ಯ, ಜಾಲಹಳ್ಳಿ ಕಡೆಗೆ ಕೆಲಸಕ್ಕೆ ಹೋಗುವ ನಮ್ಮೂರವರು ದಿನಾ ಆ ಕೇಂದ್ರದ ಆಸುಪಾಸಿನಲ್ಲೇ ಓಡಾಡುತ್ತಾರೆ.

ನಮ್ಮದು ಕಡಲಿಲ್ಲದ ಜಿಲ್ಲೆ. ತುಮಕೂರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 73 ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಸುಮಾರು 300 ಕಿ.ಮೀ. ಆಗುತ್ತದೆ. ಕಡಲು ನಮ್ಮ ಬಳಿಗೆ ಬರುವುದು ಐಸ್ ಪೆಟ್ಟಿಗೆಯಲ್ಲಿ, ಬಂಗುಡೆ ಬೂತಾಯಿಯ ರೂಪದಲ್ಲಿ. ಆದರೆ ಕಡಲನ್ನು ಕಾಯುವ ಕೆಲಸದ ದೊಡ್ಡ ಪಾಲು ನಡೆಯುವುದು ನಮ್ಮ ಹಾಗೆ ಕಡಲು ಕಾಣದ ಊರುಗಳಲ್ಲೇ. ಕರಾವಳಿಯ ರಾಡಾರ್ ಸರಪಳಿಯನ್ನು ಕಟ್ಟಿದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್‌ನ ಮೂಲ ನೆಲೆ ಜಾಲಹಳ್ಳಿ. ಬೋಟುಗಳ ಸಂದೇಶ ಹೊರುವ ಉಪಗ್ರಹಗಳನ್ನು ಕಕ್ಷೆಯಲ್ಲಿ ನೋಡಿಕೊಳ್ಳುವ ಕೇಂದ್ರ ಹಾಸನದಲ್ಲಿದೆ. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿದೆ. ಹಾಗಾಗಿ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿದುಕೊಳ್ಳುವುದು ಕರಾವಳಿಯವರಿಗೆ ಮಾತ್ರ ಬಿಟ್ಟ ವಿಚಾರವಲ್ಲ.

ರಾಡಾರ್, ಉಪಗ್ರಹ, ಡ್ರೋನ್, ಕೃತಕ ಬುದ್ಧಿಮತ್ತೆ ಎಂದು ದೊಡ್ಡ ದೊಡ್ಡ ಹೆಸರುಗಳನ್ನು ಕೇಳಿದರೆ ತಲೆ ತಿರುಗುತ್ತದೆ. ಅವೆಲ್ಲವೂ ದುಡಿಯುತ್ತಿರುವುದು ಎರಡೇ ಪ್ರಶ್ನೆಗಳಿಗೆ. ಕಡಲಿನಲ್ಲಿ ಏನೋ ಕಾಣುತ್ತಿದೆಯೇ? ಕಾಣುತ್ತಿದ್ದರೆ, ಅದು ಯಾರದು? ಮೊದಲನೆಯದಕ್ಕೆ ತಂತ್ರಜ್ಞಾನ ಹೆಚ್ಚುಕಡಿಮೆ ಉತ್ತರ ಕೊಟ್ಟಿದೆ. ಎರಡನೆಯದು ಇನ್ನೂ ಕಗ್ಗಂಟು, ಮತ್ತು ಅದನ್ನು ಬಿಡಿಸುವ ಕೈ ಮೀನುಗಾರನದು. ಅವನಿಗೆ ಲಾಭವಾಗದ ಯಾವ ಯಂತ್ರವೂ ನಮ್ಮ ಕಡಲನ್ನು ಕಾಯಲಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದು ವಿವರಿಸುತ್ತೇನೆ.

2008ರ ನವೆಂಬರ್ 26ರ ರಾತ್ರಿ ಮುಂಬೈಗೆ ನುಗ್ಗಿದ ಹತ್ತು ಭಯೋತ್ಪಾದಕರು ಕರಾಚಿಯಿಂದ ಕಡಲ ದಾರಿ ಹಿಡಿದು ಬಂದವರು. ನಡುವೆ ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡರು, ಅದರಲ್ಲಿದ್ದವರನ್ನು ಕೊಂದರು, ಅದೇ ಬೋಟಿನಲ್ಲಿ ಮುಂಬೈ ಹತ್ತಿರಕ್ಕೆ ಬಂದರು. ಕೊನೆಯ ಹಂತಕ್ಕೆ ರಬ್ಬರ್ ದೋಣಿ ಬಳಸಿ ಕೊಲಾಬಾದ ಮೀನುಗಾರರ ಕೇರಿಯ ದಡಕ್ಕೆ ಇಳಿದರು. ಅವರನ್ನು ಮೊದಲು ಕಂಡು ‘ಯಾರು ನೀವು’ ಎಂದು ಕೇಳಿದವರು ಆ ಕೇರಿಯ ಜನ. ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. 166 ಜನ ಪ್ರಾಣ ಕಳೆದುಕೊಂಡರು.

ಆಗ ನಮ್ಮ ಕರಾವಳಿಯಲ್ಲಿ ರಾಡಾರ್ ಸರಪಳಿ ಇರಲಿಲ್ಲ. ಇದ್ದಿದ್ದರೂ ಪರದೆಯ ಮೇಲೆ ‘ಕುಬೇರ್’ ಹೇಗೆ ಕಾಣುತ್ತಿತ್ತು? ನೂರಾರು ಚುಕ್ಕೆಗಳ ನಡುವೆ ಇನ್ನೊಂದು ಚುಕ್ಕೆಯಾಗಿ. ಅದು ಭಾರತದ ಬೋಟು, ಭಾರತದ ನೋಂದಣಿ ಸಂಖ್ಯೆ, ಮೀನು ಹಿಡಿಯುವ ಜಾಗದಿಂದಲೇ ವಾಪಸು ಬರುತ್ತಿತ್ತು. ಮೇಲಿನಿಂದ ನೋಡಿದವರಿಗೆ ಅನುಮಾನ ಪಡಲು ಕಾರಣವೇ ಸಿಗುತ್ತಿರಲಿಲ್ಲ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಕಳುವಾದ ಜೋಡಿ ಎತ್ತು ಹುಡುಕಿದಂತೆ ಈ ಕೆಲಸ. ಬೆಟ್ಟದ ಮೇಲೆ ನಿಂತರೆ ಇಡೀ ಜಾತ್ರೆ ಕಣ್ಣಿಗೆ ಬೀಳುತ್ತದೆ. ಆದರೆ ಅಷ್ಟೊಂದು ಹಳ್ಳಿಕಾರ್ ಎತ್ತುಗಳಲ್ಲಿ ಯಾವುದು ಯಾರದು ಎಂದು ಹೇಳಬಲ್ಲವನು ಅವುಗಳನ್ನು ಸಾಕಿದವನು, ಇಲ್ಲವೇ ಪಕ್ಕದ ಗೂಟದವನು.

ದಾಳಿಯ ನಂತರ, 2009ರಲ್ಲಿ, ಸಮುದ್ರ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಗೆ ವಹಿಸಲಾಯಿತು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ವರೆಗಿನ ಪ್ರಾದೇಶಿಕ ಕಡಲಿನ ಕಾವಲು ಕೋಸ್ಟ್ ಗಾರ್ಡ್‌ಗೆ ಬಂತು. ದಡಕ್ಕೆ ಅಂಟಿದ ನೀರನ್ನು ರಾಜ್ಯಗಳ ಕರಾವಳಿ ಪೊಲೀಸರು ನೋಡಿಕೊಳ್ಳಬೇಕು. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಕರಾವಳಿ ಕಾವಲು ಪೊಲೀಸ್‌ಗೆ ಮಂಗಳೂರಿನಿಂದ ಕಾರವಾರದವರೆಗೆ ಒಂಬತ್ತು ಠಾಣೆಗಳಿವೆ. ಮುಂಬೈ, ಕೊಚ್ಚಿ, ವಿಶಾಖಪಟ್ಟಣ, ಪೋರ್ಟ್ ಬ್ಲೇರ್‌ಗಳಲ್ಲಿ ಎಲ್ಲರೂ ಒಟ್ಟಿಗೆ ಕೂರುವ ಜಂಟಿ ಕಾರ್ಯಾಚರಣೆ ಕೇಂದ್ರಗಳಾದವು. ಮೊದಲ ಹಂತದಲ್ಲಿ 46 ಕಡೆ ಕರಾವಳಿ ರಾಡಾರ್‌ಗಳು ನಿಂತವು: ಮುಖ್ಯ ಭೂಮಿಯಲ್ಲಿ 36, ಲಕ್ಷದ್ವೀಪದಲ್ಲಿ 6, ಅಂಡಮಾನ್ ನಿಕೋಬಾರ್‌ನಲ್ಲಿ 4. ಎರಡನೇ ಹಂತಕ್ಕೆ ಇನ್ನೂ 38 ಎಂದು ಯೋಜಿಸಲಾಯಿತು.

ಎತ್ತರ ಹೆಚ್ಚಿದಷ್ಟೂ ನೋಟ

ಈ ರಾಡಾರ್‌ಗಳಲ್ಲಿ ಹಲವು ಲೈಟ್‌ಹೌಸ್‌ಗಳ ಮೇಲೆ ಅಥವಾ ಪಕ್ಕದ ಗೋಪುರಗಳ ಮೇಲಿವೆ. ಕಾರಣ ಸರಳ. ರಾಡಾರ್ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಭೂಮಿ ಮಾತ್ರ ಗುಂಡಗಿದೆ. ಒಂದು ದೂರ ದಾಟಿದ ಮೇಲೆ ದೋಣಿ ದಿಗಂತದ ಕೆಳಗೆ ಅಡಗಿಬಿಡುತ್ತದೆ. ಆ ದೂರವನ್ನು ನಾವೇ ಲೆಕ್ಕ ಹಾಕಬಹುದು. ರಾಡಾರ್ ಇರುವ ಎತ್ತರ ಎಷ್ಟು ಮೀಟರ್ ಎಂದು ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿ.ಮೀ.ಗಳಲ್ಲಿ ದಿಗಂತದ ದೂರ ಬರುತ್ತದೆ. ದೋಣಿಯ ಎತ್ತರಕ್ಕೂ ಹೀಗೇ ಮಾಡಿ ಎರಡನ್ನೂ ಕೂಡಿಸಬೇಕು. 50 ಮೀಟರ್ ಎತ್ತರದ ಗೋಪುರಕ್ಕೆ 29, ನೀರಿನಿಂದ 2 ಮೀಟರ್ ಮೇಲೆದ್ದ ದೋಣಿಗೆ ಸುಮಾರು 6. ಒಟ್ಟು 35 ಕಿ.ಮೀ. ಪ್ರಾದೇಶಿಕ ಕಡಲಿನ 22 ಕಿ.ಮೀ.ಗೆ ಇದು ಸಾಲುತ್ತದೆ. ಆದರೆ ಮೀನು, ತೈಲ, ಖನಿಜಗಳ ಮೇಲೆ ನಮಗೆ ಹಕ್ಕಿರುವ ವಿಶೇಷ ಆರ್ಥಿಕ ವಲಯ 200 ನಾಟಿಕಲ್ ಮೈಲಿ, ಅಂದರೆ 370 ಕಿ.ಮೀ. ವರೆಗೆ ಚಾಚಿದೆ. ದಡದ ರಾಡಾರ್‌ಗೆ ಅದರ ಹತ್ತರಲ್ಲೊಂದು ಭಾಗವೂ ಕಾಣುವುದಿಲ್ಲ.

ಹೆಲಿಕಾಪ್ಟರ್, ವಿಮಾನ, ಡ್ರೋನ್‌ಗಳು ಬೇಕಾಗುವುದು ಇದಕ್ಕೇ. ಅದೇ ರಾಡಾರನ್ನು 1,000 ಮೀಟರ್ ಎತ್ತರಕ್ಕೆ ಒಯ್ದರೆ ಅದೇ 2 ಮೀಟರ್ ದೋಣಿ ಲೆಕ್ಕದ ಪ್ರಕಾರ 136 ಕಿ.ಮೀ. ದೂರದಿಂದಲೂ ದಿಗಂತದ ಮೇಲೆ ಬರುತ್ತದೆ. ಕೋಸ್ಟ್ ಗಾರ್ಡ್‌ಗೆಂದು ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿಕೊಟ್ಟ 16 ಧ್ರುವ ಮಾರ್ಕ್-3 ಹೆಲಿಕಾಪ್ಟರ್‌ಗಳ ಮೂಗಿನಲ್ಲಿ ಕಡಲ ಕಣ್ಗಾವಲು ರಾಡಾರ್ ಇದೆ, ರಾತ್ರಿಯಲ್ಲೂ ನೋಡಬಲ್ಲ ಕ್ಯಾಮೆರಾ ಇದೆ, ಒಳಗೆ ರೋಗಿಯನ್ನು ಸಾಗಿಸುವ ಐಸಿಯು ಸಲಕರಣೆ ಇದೆ. ನಮ್ಮ ಗುಬ್ಬಿಯ ಕಾರ್ಖಾನೆ ಶುರುವಾದದ್ದು ಮೂರು ಟನ್ ತೂಕದ ಲಘು ಹೆಲಿಕಾಪ್ಟರ್‌ಗಾಗಿ. ಅದರ ಮೊದಲ ಗಿರಾಕಿಗಳು ಭೂಸೇನೆ ಮತ್ತು ವಾಯುಪಡೆ. ಆದ್ದರಿಂದ ‘ಗುಬ್ಬಿಯ ಹೆಲಿಕಾಪ್ಟರ್ ಕಡಲು ಕಾಯುತ್ತಿದೆ’ ಎಂದು ಈಗಲೇ ಹೇಳಿದರೆ ತಪ್ಪಾಗುತ್ತದೆ.

ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ ಹೆಲಿಕಾಪ್ಟರ್ ಬಿದ್ದು ಮೂವರು ಸಿಬ್ಬಂದಿ ತೀರಿಕೊಂಡರು. ಆ ಬಗೆಯ ಹೆಲಿಕಾಪ್ಟರ್‌ಗಳ ಹಾರಾಟವನ್ನೇ ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಹೊಸ ಯಂತ್ರ ಕೊಳ್ಳುವಾಗ ಸುದ್ದಿ ದೊಡ್ಡದಾಗಿ ಬರುತ್ತದೆ. ಅದನ್ನು ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಸುಸ್ಥಿತಿಯಲ್ಲಿಡುವ ಕೆಲಸ ಸುದ್ದಿಯಾಗುವುದಿಲ್ಲ. ಮುಳುಗುವ ಬೋಟು ಪರದೆಯ ಮೇಲೆ ಕಂಡರೂ ಅಲ್ಲಿಗೆ ಹಾರಿಹೋಗಲು ಹೆಲಿಕಾಪ್ಟರ್ ಇಲ್ಲದಿದ್ದರೆ ಕಂಡು ಫಲವೇನು?

ಹೆಲಿಕಾಪ್ಟರ್ ಕೆಲವು ಗಂಟೆ ಹಾರಿ ಇಳಿಯಲೇಬೇಕು. ಪೈಲಟ್ ಇಲ್ಲದ ಎಂಕ್ಯೂ-9ಬಿ ಡ್ರೋನ್ ಒಂದು ದಿನಕ್ಕೂ ಮೀರಿ ಆಕಾಶದಲ್ಲೇ ಇರಬಲ್ಲದು. ಇಂಥ ಎರಡನ್ನು ನೌಕಾಪಡೆ 2020ರಿಂದ ಬಾಡಿಗೆಗೆ ಪಡೆದು ಬಳಸಿತು. 2024ರ ಅಕ್ಟೋಬರ್‌ನಲ್ಲಿ 31 ಡ್ರೋನ್‌ಗಳ ಖರೀದಿಗೆ ಅಮೆರಿಕದೊಂದಿಗೆ ಒಪ್ಪಂದವಾಯಿತು. ಅದರಲ್ಲಿ 15 ನೌಕಾಪಡೆಗೆ. ಇವುಗಳ ಪ್ರಯೋಜನ ಏನೆಂದು 2024ರ ಮಾರ್ಚ್‌ನಲ್ಲಿ ಜಗತ್ತು ನೋಡಿತು. ಸೊಮಾಲಿ ಕಡಲ್ಗಳ್ಳರು ಅಪಹರಿಸಿದ್ದ ‘ರುಯೆನ್’ ಎಂಬ ಸರಕು ಹಡಗನ್ನು ಭಾರತದ ಕರಾವಳಿಯಿಂದ ಸುಮಾರು 2,600 ಕಿ.ಮೀ. ಆಚೆ ಐಎನ್‌ಎಸ್ ಕೋಲ್ಕತ್ತಾ ಅಡ್ಡಗಟ್ಟಿತು. ಒಳಗೆ ಬಂದೂಕುಧಾರಿಗಳಿದ್ದಾರೆಯೇ ಎಂದು ನೋಡಲು ಯುದ್ಧನೌಕೆಯಿಂದ ಚಿಕ್ಕ ಡ್ರೋನ್ ಹಾರಿಸಿದರು. ಕಡಲ್ಗಳ್ಳರು ಅದನ್ನು ಹೊಡೆದುರುಳಿಸಿದರು. ಇದ್ದಾರೆ ಎಂಬುದು ಖಚಿತವಾಯಿತು. ಮೇಲಿನಿಂದ ದೊಡ್ಡ ಡ್ರೋನ್ ಮತ್ತು ಕಣ್ಗಾವಲು ವಿಮಾನ ನೋಡುತ್ತಲೇ ಇದ್ದವು. ವಾಯುಪಡೆಯ ಸಿ-17 ವಿಮಾನದಿಂದ ಕಮಾಂಡೊಗಳನ್ನು ಕಡಲಿಗೆ ಇಳಿಸಲಾಯಿತು. ಸುಮಾರು 40 ಗಂಟೆಗಳ ಕಾರ್ಯಾಚರಣೆಯ ಕೊನೆಗೆ 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಜೀವಂತ ಬಿಡುಗಡೆಯಾದರು. ಡ್ರೋನ್ ಹೋದರೆ ಯಂತ್ರ ಹೋಯಿತು, ಪ್ರಾಣ ಉಳಿಯಿತು. ಇದಕ್ಕಿಂತ ದೊಡ್ಡ ಸಮರ್ಥನೆ ಬೇಡ.

ಇನ್ನೂ ಮೇಲೆ ಹೋದರೆ ಉಪಗ್ರಹ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಮೇಲೆ ಮೋಡ ಕವಿದಾಗ ಸಾಮಾನ್ಯ ಕ್ಯಾಮೆರಾ ಕುರುಡು. ರಾಡಾರ್ ಉಪಗ್ರಹ ಹಾಗಲ್ಲ. ಅದು ತಾನೇ ಅಲೆಗಳನ್ನು ಓರೆಯಾಗಿ ಕೆಳಗೆ ಬಿಟ್ಟು, ಮರಳಿ ಬಂದದ್ದನ್ನು ಚಿತ್ರವಾಗಿಸುತ್ತದೆ. ಅದಕ್ಕೆ ಮೋಡವೂ ಒಂದೇ, ಕತ್ತಲೂ ಒಂದೇ. ನೀರಿನ ಮೇಲ್ಮೈ ಆ ರಾಡಾರ್ ಅಲೆಗಳನ್ನು ಆಚೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಡಲು ಕಪ್ಪಾಗಿರುತ್ತದೆ. ಕಬ್ಬಿಣದ ಹಡಗಿನ ಮೂಲೆಗಳು ಅಲೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದರಿಂದ ಹಡಗು ಬೆಳ್ಳಗೆ ಹೊಳೆಯುತ್ತದೆ. ಮುಂಬೈ ದಾಳಿಯಾದ ಐದೇ ತಿಂಗಳಲ್ಲಿ, 2009ರ ಏಪ್ರಿಲ್ 20ರಂದು, ಇಸ್ರೊ ರಿಸ್ಯಾಟ್-2 ಹಾರಿಸಿತು. 2012ರಲ್ಲಿ ರಿಸ್ಯಾಟ್-1, 2022ರ ಫೆಬ್ರುವರಿಯಲ್ಲಿ ಇಒಎಸ್-04 ಬಂದವು. ಆದರೆ ಇಂಥ ಉಪಗ್ರಹ ಒಂದೇ ಜಾಗದ ಮೇಲೆ ನಿಲ್ಲಲಾರದು. ಭೂಮಿಯನ್ನು ಸುತ್ತುತ್ತ ಮುಂದೆ ಹೋಗುತ್ತದೆ, ಅದೇ ನೀರಿನ ಮೇಲೆ ಮರಳಿ ಬರಲು ಸಮಯ ಬೇಕು. ಅಷ್ಟರಲ್ಲಿ ದೋಣಿ ಎಲ್ಲಿಗೋ ಹೋಗಿರುತ್ತದೆ. ಇಸ್ರೊ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ದೋಣಿ ಹಿಂಬಾಲಿಸಲು ಅದು ಆಗದು, ಕಡಲ್ಕೊರೆತದಿಂದ ದಡ ಎಷ್ಟು ಸರಿದಿದೆ ಎಂದು ಅಳೆಯಲು ಒಳ್ಳೆಯದು.

ಗುರುತಿನ ಗಂಟು

ಇಷ್ಟೆಲ್ಲ ಮಾಡಿದರೂ ಕೈಗೆ ಸಿಗುವುದು ಚುಕ್ಕೆ. ಅದಕ್ಕೆ ಹೆಸರು ಕೊಡಲು ಹಡಗುಗಳಲ್ಲಿ ಎಐಎಸ್ ಎಂಬ ಸಾಧನವಿದೆ. ಹಡಗಿನ ಹೆಸರು, ಒಂಬತ್ತು ಅಂಕಿಯ ಗುರುತು ಸಂಖ್ಯೆ, ಜಾಗ, ವೇಗ, ದಿಕ್ಕುಗಳನ್ನು ಅದು ರೇಡಿಯೊದಲ್ಲಿ ತಾನಾಗಿಯೇ ಸಾರುತ್ತಿರುತ್ತದೆ. ಹಡಗು ಓಡುತ್ತಿದ್ದರೆ ಕೆಲವೇ ಸೆಕೆಂಡಿಗೊಮ್ಮೆ, ಲಂಗರು ಹಾಕಿದ್ದರೆ ಮೂರು ನಿಮಿಷಕ್ಕೊಮ್ಮೆ. ಭಾರತದ ಹಡಗುಗಳ ಸಂಖ್ಯೆ 419ರಿಂದ ಶುರುವಾಗುತ್ತದೆ. ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗದಿರಲಿ ಎಂದು ಹುಟ್ಟಿದ ಈ ಸಾಧನ ಅಂತರರಾಷ್ಟ್ರೀಯ ಯಾನದ 300 ಟನ್ ಮೇಲಿನ ಹಡಗುಗಳಿಗೆ ಕಡ್ಡಾಯ. 2008ರ ನಂತರ ನಮ್ಮಲ್ಲಿ 20 ಮೀಟರ್‌ಗಿಂತ ಉದ್ದದ ದೋಣಿಗಳಿಗೂ ಕಡ್ಡಾಯವಾಯಿತು.

ಇದರ ದೌರ್ಬಲ್ಯ ಇದರೊಳಗೇ ಇದೆ. ಸ್ವಿಚ್ ಹಡಗಿನವನ ಕೈಯಲ್ಲಿದೆ. ಆರಿಸಬಹುದು, ಸುಳ್ಳು ಹೆಸರು ಹಾಕಬಹುದು, ಇಲ್ಲದ ಜಾಗದಲ್ಲಿ ಇದ್ದಂತೆ ತೋರಿಸಬಹುದು. ಆದ್ದರಿಂದ ಒಂದೇ ಸಾಕ್ಷಿಯನ್ನು ನಂಬದೆ ರಾಡಾರ್, ಕ್ಯಾಮೆರಾ, ಉಪಗ್ರಹ ಚಿತ್ರ, ಎಐಎಸ್ ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ರಾಡಾರ್‌ನಲ್ಲಿ ಚುಕ್ಕೆಯಿದೆ, ಎಐಎಸ್‌ನಲ್ಲಿ ಅಲ್ಲಿ ಯಾರೂ ಇಲ್ಲ ಎಂದಾದರೆ ಅದು ಅನುಮಾನದ ಹಡಗು. ಈ ಜೋಡಿಸುವ ಕೆಲಸ ನಡೆಯುವ ಕೇಂದ್ರ 2014ರ ನವೆಂಬರ್‌ನಲ್ಲಿ ಶುರುವಾಯಿತು, ಅದೂ ಕಡಲಿಂದ ಬಲು ದೂರದ ಗುರುಗ್ರಾಮದಲ್ಲಿ. ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್‌ನ 51 ಠಾಣ್ಯಗಳನ್ನು ಅದು ಬೆಸೆಯುತ್ತದೆ. ಸ್ನೇಹಪರ ದೇಶಗಳೊಂದಿಗೆ ಸರಕು ಹಡಗುಗಳ ಮಾಹಿತಿ ಹಂಚಿಕೊಳ್ಳುವ ಇನ್ನೊಂದು ಕೇಂದ್ರ 2018ರ ಡಿಸೆಂಬರ್‌ನಲ್ಲಿ ಅಲ್ಲೇ ತೆರೆಯಿತು.

ಕಂಪ್ಯೂಟರಿನ ಕಲಿಕೆ ಇಲ್ಲಿ ನೆರವಿಗೆ ಬರುತ್ತದೆ. ಸಾವಿರಾರು ಹಡಗುಗಳ ಹಳೆಯ ಜಾಡುಗಳನ್ನು ಉಣಿಸಿದರೆ ಯಾವುದು ರೂಢಿಯ ಓಡಾಟ ಎಂದು ಅದು ಕಲಿಯುತ್ತದೆ. ರೂಢಿ ತಪ್ಪಿದವನನ್ನು ಎತ್ತಿ ತೋರಿಸುತ್ತದೆ. ಸರಕು ಹಡಗು ಕಾರಣವಿಲ್ಲದೆ ನಡುಗಡಲಲ್ಲಿ ನಿಂತರೆ, ಎರಡು ಹಡಗುಗಳು ರಾತ್ರಿ ಮೈಗೆ ಮೈ ತಾಗಿಸಿ ನಿಂತರೆ, ಎಐಎಸ್ ಹಠಾತ್ತನೆ ಮಾಯವಾದರೆ ಕಾವಲಿನವರಿಗೆ ಸೂಚನೆ ಹೋಗುತ್ತದೆ. ಆದರೆ ರೂಢಿ ಎಂದರೇನು ಎಂಬುದು ಊರಿಂದ ಊರಿಗೆ ಬದಲಾಗುತ್ತದೆ. ಟ್ರಾಲ್ ಬೋಟು ಬಲೆ ಎಳೆಯುವಾಗ ಎರಡು ಮೂರು ನಾಟ್, ಅಂದರೆ ಗಂಟೆಗೆ ನಾಲ್ಕೈದು ಕಿ.ಮೀ. ವೇಗದಲ್ಲಿ ತೆವಳುತ್ತದೆ. ಪರ್ಸಿನ್ ಬೋಟು ಮೀನಿನ ಹಿಂಡು ಕಂಡೊಡನೆ ವೇಗ ಹೆಚ್ಚಿಸಿ ಗಿರ್ರನೆ ಸುತ್ತು ಹಾಕಿ ಬಲೆ ಬಿಡುತ್ತದೆ. ಮಲ್ಪೆ, ಮಂಗಳೂರಿನ ಯಾವ ಮಗುವಿಗೂ ಇದು ಗೊತ್ತು. ಕಲಿಸಿರದ ಕಂಪ್ಯೂಟರಿಗೆ ಮಾತ್ರ ಅದು ಏನನ್ನೋ ಸುತ್ತುವರಿಯುತ್ತಿರುವ ಅಪಾಯದ ದೋಣಿ. ಸುಳ್ಳು ಎಚ್ಚರಿಕೆ ಪದೇ ಪದೇ ಬಂದರೆ ಕಾವಲಿನವನು ನಿಜವಾದ ಎಚ್ಚರಿಕೆಗೂ ತಲೆ ಎತ್ತುವುದಿಲ್ಲ.

ಜಾಲಹಳ್ಳಿಯಲ್ಲಿ ಬಹುಕಾಲ ದುಡಿದು ನಿವೃತ್ತರಾಗಿ ಈಗ ಕ್ಯಾತ್ಸಂದ್ರದಲ್ಲಿರುವ ಹಿರಿಯರೊಬ್ಬರನ್ನು ಇದೇ ವಿಚಾರ ಕೇಳಿದೆ. ಅವರೆಂದರು: “ನೋಡಪ್ಪ, ದೋಣಿ ತೋರ್ಸೋ ರಾಡಾರ್ ಮಾಡೋದು ಅಷ್ಟು ಕಷ್ಟ ಅಲ್ಲ. ಅಲೆನ ದೋಣಿ ಅಂತ ಹೇಳ್ದಿರೋ ರಾಡಾರ್ ಮಾಡೋದು ಕಷ್ಟ.” 30 ಕಿ.ಮೀ. ದೂರದ ದೋಣಿಗೆ ತಾಗಿದ ರಾಡಾರ್ ಅಲೆ ಸೆಕೆಂಡಿನ ಐದು ಸಾವಿರದಲ್ಲೊಂದು ಭಾಗದಲ್ಲಿ ಮರಳುತ್ತದೆ. ಅದರ ಜೊತೆಗೇ ಕಡಲಿನ ಅಲೆಗಳಿಂದ, ಮಳೆಹನಿಗಳಿಂದ ಸಿಡಿದ ಮಾರ್ದನಿಯೂ ಬರುತ್ತದೆ. ಮರ ಅಥವಾ ಫೈಬರಿನ ದೋಣಿಯ ಮಾರ್ದನಿ ಕಬ್ಬಿಣದ ಹಡಗಿನದಕ್ಕಿಂತ ಎಷ್ಟೋ ಕ್ಷೀಣ. ಜೂನ್, ಜುಲೈನಲ್ಲಿ ಕಡಲು ಕುದಿಯುವಾಗ ಚಿಕ್ಕ ದೋಣಿ ಅಲೆಗಳ ಗದ್ದಲದಲ್ಲೇ ಕರಗಿಹೋಗುತ್ತದೆ.

ಇದು ಬರೀ ಊಹೆಯ ಮಾತಲ್ಲ. 2022ರ ಆಗಸ್ಟ್ 18ರಂದು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಹರಿಹರೇಶ್ವರ ದಡಕ್ಕೆ ಒಂದು ಖಾಲಿ ದೋಣಿ ತೇಲಿ ಬಂತು. ಒಳಗೆ ಮೂರು ಎಕೆ-47 ಬಂದೂಕುಗಳು. ಇಡೀ ರಾಜ್ಯ ಬೆಚ್ಚಿತು. ವಿಚಾರಿಸಿದಾಗ ಅದು ವಿದೇಶಿಯರ ದೋಣಿ, ಜೂನ್‌ನಲ್ಲಿ ಮಸ್ಕತ್ ಬಳಿ ಎಂಜಿನ್ ಕೆಟ್ಟು ಸಿಬ್ಬಂದಿಯನ್ನು ಬೇರೊಂದು ಹಡಗು ಪಾರು ಮಾಡಿದ ಮೇಲೆ ಅನಾಥವಾಗಿ ತೇಲುತ್ತಿದ್ದದ್ದು ಎಂದು ಗೊತ್ತಾಯಿತು. ಭಯೋತ್ಪಾದನೆ ಅಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಅದು ಸಮಾಧಾನ ತರಲಿಲ್ಲ. ಅರಬ್ಬಿ ಸಮುದ್ರವನ್ನೇ ದಾಟಿ ಬಂದ ದೋಣಿ ದಡಕ್ಕೆ ಬಡಿಯುವ ತನಕ ‘ನೀನು ಯಾರು’ ಎಂದು ಕೇಳಿದವರಿಲ್ಲ.

ಮೀನುಗಾರನಿಗೇನು ಸಿಗುತ್ತದೆ?

ಕಡಲಿನಲ್ಲಿ ಹೊರಗಿನವನನ್ನು ಗುರುತಿಸಬೇಕಾದರೆ ಮೊದಲು ನಮ್ಮವರೆಲ್ಲ ‘ನಾನಿಲ್ಲಿದ್ದೇನೆ’ ಎಂದು ಹೇಳುವಂತಿರಬೇಕು. ದೇಶದ ಬಹುಪಾಲು ಮೀನುಗಾರಿಕೆ ದೋಣಿಗಳು 20 ಮೀಟರ್‌ಗಿಂತ ಚಿಕ್ಕವು, ಎಐಎಸ್ ನಿಯಮದ ಹೊರಗಿನವು. ಆ ಕೊರತೆ ತುಂಬಲು ಬಂದದ್ದು ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್. ಒಂದು ಲಕ್ಷ ಬೋಟುಗಳಿಗೆ ಇದನ್ನು ಉಚಿತವಾಗಿ ಅಳವಡಿಸುವ ಸುಮಾರು 360 ಕೋಟಿ ರೂಪಾಯಿಯ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟರು. ಕ್ಯಾಬಿನ್ನಿನ ಸೂರಿನ ಮೇಲೆ ಕೂರುವ ಈ ಪೆಟ್ಟಿಗೆ ಬೋಟು ಎಲ್ಲಿದೆ ಎಂದು ಉಪಗ್ರಹಕ್ಕೆ ತಿಳಿಸುತ್ತದೆ. ಸಂದೇಶ ಹೊರುವುದು 2015ರಲ್ಲಿ ಹಾರಿದ ಜಿಸ್ಯಾಟ್-6. ಆಕಾಶದಲ್ಲಿ ಕೊಡೆಯಂತೆ ಬಿಚ್ಚಿಕೊಂಡ 6 ಮೀಟರ್ ಅಗಲದ ಆ್ಯಂಟೆನಾ ಅದಕ್ಕಿದೆ. ಕೆಳಗಿನ ಪೆಟ್ಟಿಗೆ ಇಷ್ಟು ಚಿಕ್ಕದಾಗಿರಲು ಮೇಲಿನ ಆ್ಯಂಟೆನಾ ಅಷ್ಟು ದೊಡ್ಡದಾಗಿರುವುದೇ ಕಾರಣ. ತಂಡೇಲನ ಮೊಬೈಲಿನಲ್ಲಿ ‘ನಭಮಿತ್ರ’ ಆ್ಯಪ್ ಇದ್ದರೆ, ಟವರ್ ಸಿಗದ ಜಾಗದಲ್ಲೂ ಚುಟುಕು ಸಂದೇಶ ಕಳಿಸಬಹುದು, ಪಡೆಯಬಹುದು.

ಈ ಎರಡು ಕಡೆಯ ಮಾತುಕತೆಯೇ ಇಡೀ ವಿಚಾರದ ತಿರುಳು. 2010ರಿಂದ ಬಳಕೆಯಲ್ಲಿದ್ದ ಹಳೆಯ ತುರ್ತು ಸಾಧನದಲ್ಲಿ ಗುಂಡಿ ಒತ್ತಬಹುದಿತ್ತು ಅಷ್ಟೇ. ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎರಡನೇ ತಲೆಮಾರಿನ ಸಾಧನದಲ್ಲಿ ‘ನಿಮ್ಮ ಕರೆ ಬಂದಿದೆ, ನೆರವು ಬರುತ್ತಿದೆ’ ಎಂಬ ಮರುಸಂದೇಶ ದಾರಿ ತೋರಿಸುವ ನಮ್ಮದೇ ನಾವಿಕ್ ಉಪಗ್ರಹಗಳ ಮೂಲಕ ಬೋಟಿಗೇ ಬರುತ್ತದೆ. ಮುಳುಗುತ್ತಿರುವ ಬೋಟಿನಲ್ಲಿ ಕೂತವನಿಗೆ ಆ ಒಂದು ಸಾಲು ಎಷ್ಟು ಧೈರ್ಯ ಕೊಟ್ಟೀತು ಎಂದು ದಡದಲ್ಲಿರುವ ನಾವು ಅಂದಾಜು ಮಾಡುವುದೂ ಕಷ್ಟ. ಚಂಡಮಾರುತದ ಎಚ್ಚರಿಕೆ, ಗಡಿ ದಾಟುತ್ತಿದ್ದೀರಿ ಎಂಬ ಸೂಚನೆ, ಮೀನು ಸಿಗಬಹುದಾದ ಜಾಗದ ಮಾಹಿತಿ ಇವೂ ಹೀಗೇ ಬರುತ್ತವೆ. ಮೀನಿನ ಜಾಗವನ್ನು ಹೇಳುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ: ಉಪಗ್ರಹ ಕಂಡ ನೀರಿನ ಬಣ್ಣದಿಂದ ಪಾಚಿ ಎಲ್ಲಿ ದಟ್ಟವಾಗಿದೆ, ಮೇಲ್ಮೈಯ ಬಿಸಿ ಎಲ್ಲಿ ಥಟ್ಟನೆ ಬದಲಾಗುತ್ತದೆ ಎಂದು ನೋಡಿ, ಮೇವು ಇರುವಲ್ಲಿ ಮೀನು ಇದ್ದೀತೆಂದು ಸೂಚಿಸುತ್ತದೆ. ಡೀಸೆಲ್ ಉಳಿತಾಯ ಎಂದರೆ ಬೋಟಿನವರಿಗೆ ನೇರ ಲಾಭ.

ಹಾಗಿದ್ದರೆ ಎಲ್ಲರೂ ಸಂತೋಷದಿಂದ ಹಾಕಿಸಿಕೊಳ್ಳಬೇಕಲ್ಲ? ಹಿಂಜರಿಕೆಗೆ ಅವರದೇ ಕಾರಣಗಳಿವೆ, ಅವು ಬಾಲಿಶವಲ್ಲ. ಮೀನು ಸಿಗುವ ಜಾಗ ತಂಡೇಲನ ಬಂಡವಾಳ. ವರ್ಷಗಟ್ಟಲೆ ಕಡಲು ಅಲೆದು ಗಳಿಸಿದ ಆ ಜ್ಞಾನ ಪೆಟ್ಟಿಗೆಯ ಮೂಲಕ ಪಕ್ಕದ ಬೋಟಿನವನಿಗೆ ಗೊತ್ತಾದರೆ ಹೊಟ್ಟೆಪಾಡಿನ ಗತಿ? ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ದೀಪ ಹಚ್ಚಿ ಮೀನು ಸೆಳೆಯುವ ಬೆಳಕಿನ ಮೀನುಗಾರಿಕೆಗೆ ನಿಷೇಧವಿದೆ. ದಂಡ ಹಾಕಲು ಇದನ್ನೇ ಬಳಸಿಯಾರು ಎಂಬ ಭಯವೂ ಇದೆ. ನಿಷೇಧ ಮೀರಿದವನಿಗೆ ದಂಡ ಬೀಳಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬೋಟಿನ ಜಾಡು ಯಾರು ಯಾರ ಕಣ್ಣಿಗೆ ಬೀಳುತ್ತದೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂದು ಲಿಖಿತವಾಗಿ, ಕನ್ನಡದಲ್ಲಿ, ಬೋಟು ನಿಲ್ಲುವ ದಕ್ಕೆಯ ಗೋಡೆಯ ಮೇಲೆ ಅಂಟಿಸಬೇಕು. ಅಷ್ಟು ಮಾಡದೆ ‘ಸಹಕರಿಸಿ’ ಎಂದರೆ ಸ್ವಿಚ್ ಆರುತ್ತದೆ.

‘ಸುವರ್ಣ ತ್ರಿಭುಜ’ವನ್ನು ಮರೆಯುವಂತಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ಬೋಟು ಅದು. ಡಿಸೆಂಬರ್ 15ರ ನಂತರ ಸಂಪರ್ಕ ಕಡಿದುಹೋಯಿತು. ನೌಕಾಪಡೆ, ಕೋಸ್ಟ್ ಗಾರ್ಡ್, ಪೊಲೀಸರು, ಜೊತೆಯ ಮೀನುಗಾರರು ಹುಡುಕಿದರು. ಮಲ್ಪೆಯಲ್ಲಿ ಸಾವಿರಾರು ಜನ ಬೀದಿಗಿಳಿದು ನಮ್ಮವರನ್ನು ಹುಡುಕಿಕೊಡಿ ಎಂದು ಕೇಳಿದರು. ಬೋಟಿನ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ ಕಡಲಿನ ತಳದಲ್ಲಿ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಐದು ತಿಂಗಳು ಏಳು ಮನೆಗಳು ಹೇಗೆ ಕಾದವೋ. ಕೊನೆಯ ಜಾಗ ಇದು, ಕೊನೆಯ ಹೊತ್ತು ಇದು ಎಂದು ಉಪಗ್ರಹದಲ್ಲಿ ದಾಖಲಾಗಿದ್ದರೆ ಹುಡುಕಾಟ ಒಂದು ಚುಕ್ಕೆಯಿಂದ ಶುರುವಾಗುತ್ತಿತ್ತು. ದೇಶದ ಭದ್ರತೆ ಎಂಬ ದೊಡ್ಡ ಮಾತಿಗಿಂತ ಈ ಒಂದು ಬೋಟಿನ ಕಥೆ ಹೇಳಿದರೆ ಟ್ರಾನ್ಸ್‌ಪಾಂಡರ್ ಯಾಕೆ ಬೇಕೆಂದು ಯಾವ ತಂಡೇಲನಿಗೂ ಅರ್ಥವಾಗುತ್ತದೆ.

ನೀರಿನ ಅಡಿಯದು ಬೇರೆಯೇ ಲೋಕ. ರೇಡಿಯೊ ಅಲೆ ಉಪ್ಪುನೀರಿನಲ್ಲಿ ಬೇಗನೆ ಇಂಗಿಹೋಗುವುದರಿಂದ ಅಲ್ಲಿ ರಾಡಾರ್ ನಡೆಯುವುದಿಲ್ಲ; ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುವ ಶಬ್ದವನ್ನೇ ನೆಚ್ಚಬೇಕು. ಕೊಚ್ಚಿಯಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ಅದಕ್ಕೇ ಮೀಸಲು. ಅದನ್ನು ಇಲ್ಲಿ ಬಿಚ್ಚಲು ಹೋಗುವುದಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡದಲ್ಲಿರುತ್ತವೆ, ಬಲೆ ಹೆಣೆಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚುವುದು ಎಲ್ಲ ಆಗ. ಟ್ರಾನ್ಸ್‌ಪಾಂಡರ್ ಅಳವಡಿಸಲು, ಹಳೆಯದನ್ನು ಪರೀಕ್ಷಿಸಲು, ಸಿಬ್ಬಂದಿಗೆ ಬಳಸಲು ಕಲಿಸಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕಾವಲಿನ ಸಾಫ್ಟ್‌ವೇರಿಗೆ ಪರ್ಸಿನ್ ಬೋಟಿನ ಸುತ್ತು ಯಾವುದು, ದಾಳಿಕೋರನ ಸುತ್ತು ಯಾವುದು ಎಂದು ಕಲಿಸಲು ತಂಡೇಲರನ್ನು ಕೂರಿಸಿಕೊಂಡು ಮಾತಾಡಲೂ ಅದೇ ಸಮಯ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಎಂಬ ಎರಡು ಸಂಖ್ಯೆಗಳನ್ನು ಪ್ರತಿ ಕ್ಯಾಬಿನ್ನಿನಲ್ಲಿ ಬರೆಸುವುದಕ್ಕೆ ಖರ್ಚೂ ಇಲ್ಲ. ಪೀಣ್ಯದ ಪರದೆಯ ಮುಂದೆ, ಜಾಲಹಳ್ಳಿಯ ಟೆಸ್ಟಿಂಗ್ ಬೆಂಚಿನ ಮುಂದೆ ಕೂರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರನ್ನೂ ಆ ಎರಡು ತಿಂಗಳಲ್ಲಿ ಒಮ್ಮೆ ಮಲ್ಪೆ ದಕ್ಕೆಗೆ ಕಳಿಸಬೇಕು. ತಾವು ಜೋಡಿಸಿದ ಪೆಟ್ಟಿಗೆಯ ಗುಂಡಿ ಒದ್ದೆ ಕೈಗೆ, ಕತ್ತಲಲ್ಲಿ, ಹೊಯ್ದಾಡುವ ಬೋಟಿನಲ್ಲಿ ಸಿಗುತ್ತದೆಯೇ ಎಂದು ಅವರು ಕಣ್ಣಾರೆ ನೋಡಿ ಬರಲಿ.